ಅತ್ತೆ ಕೂರಿಸಿದ ನಲ್ಲಿ

ಅವತ್ತು ಕರೆಂಟ್ ಇರಲಿಲ್ಲ ಎಂದು ನನ್ನ ನೆನಪು. ಅದಕ್ಕೇ ಮಗ್ಗಗಳು ನಿಂತಿದ್ದವು, ಸೋದರತ್ತೆಗೆ ಬಿಡುವಿತ್ತು, ಐಸ್ ಬಾಕ್ಸಿನ ತೂತಿನ ಮುಂದೆ ನಾವಿಬ್ಬರೂ ಅಷ್ಟು ಹೊತ್ತು ಕೂತಿದ್ದೆವು. ಆದರೆ ಅದೇ ವಾರ ನಾನು ಬರೆದಿಟ್ಟ ದಿನಚರಿ ತೆಗೆದು ನೋಡಿದರೆ, ‘ಮಗ್ಗದ ಸದ್ದಿಗೆ ಅತ್ತೆ ಹೇಳಿದ್ದು ಅರ್ಧ ಕೇಳಿಸಲಿಲ್ಲ’ ಎಂದಿದೆ. ಕರೆಂಟ್ ನಡುವೆ ಬಂದು ಹೋಗಿರಬಹುದು. ಅಥವಾ ಎರಡು ದಿನಗಳನ್ನು ನಾನೇ ಒಂದಾಗಿ ಹೊಲಿದುಕೊಂಡಿರಬಹುದು. ಕಾಲೇಜಿನಲ್ಲಿ ಇತಿಹಾಸ ಹೇಳಿಕೊಡುವವಳು ನಾನು; ನೆನಪಿಗೂ ಬರೆದಿಟ್ಟದ್ದಕ್ಕೂ ಜಗಳ ಬಂದರೆ ಬರೆದದ್ದರ ಪಕ್ಷ ವಹಿಸಿ ಎಂದು ಮಕ್ಕಳಿಗೆ ಹೇಳುತ್ತೇನೆ. ಆದರೂ ಆ ದಿನ ಎಂದಾಗ ನನ್ನ ಕಿವಿಗೆ ಬರುವುದು ಸದ್ದಿಲ್ಲದ ಮಗ್ಗದ ಮನೆಯೇ. ಆದ್ದರಿಂದ ಮುಂದಿನ ಕೆಲವು ವಿವರಗಳು ಸರಿಯಿಲ್ಲದಿರಬಹುದು.

ಒಂದು ಮಾತ್ರ ಸರಿಯಾಗಿ ಗೊತ್ತು. ಆ ಡಬ್ಬ ಯಾತಕ್ಕೆ ಎಂದು ಅತ್ತೆ ಕೇಳಿದರು, ನಾನು ರಾಗಿ ಮಾಲ್ಟ್ ಮಾಡುವುದಕ್ಕೆ ಅಂದೆ. ಅದು ಬಿಯರ್ ಮಾಡುವುದಕ್ಕೆ ತಂದದ್ದು.

ನಾನೂ ನನ್ನ ಗಂಡನೂ ಮನೆಯಲ್ಲೇ ಬಿಯರ್ ಮಾಡಲು ಶುರುಮಾಡಿ ಆಗ ಒಂದು ವರ್ಷವಾಗಿತ್ತೇನೋ. ದೊಡ್ಡಬಳ್ಳಾಪುರದ ಹೊರಗಿನ ಒಂದು ಕಾರ್ಖಾನೆಯಲ್ಲಿ ಅವರದು ಮಾಲಿನ ಗುಣಮಟ್ಟ ನೋಡುವ ಕೆಲಸ. ಮನೆಗೆ ಬಂದ ಮೇಲೂ ಏನನ್ನಾದರೂ ಅಳೆಯದೆ ಅವರಿಗೆ ನಿದ್ದೆ ಬಾರದು. ನನಗೆ ಕುಡಿಯುವುದಕ್ಕಿಂತ ಅದು ಆಗುವುದನ್ನು ನೋಡುವುದೇ ಇಷ್ಟ: ಧಾನ್ಯದ ಹಿಟ್ಟು ಸಿಹಿಯಾಗುವುದು, ಸಿಹಿ ನೊರೆಯಾಗುವುದು, ನೊರೆ ಇಳಿದು ತಿಳಿಯಾಗುವುದು. ಹಾಗೆಂದು ನಾನೇ ನಂಬಿದ್ದೇನೆ. ಕುಡಿಯುವುದೂ ಇಷ್ಟವೆನ್ನಲು ನಾಚಿಕೆಯಾಗಿ ಹೀಗೆ ಬರೆಯುತ್ತಿರಲೂಬಹುದು. ಇದಕ್ಕೆ ಕಾನೂನಿನ ಅಪ್ಪಣೆ ಇದೆಯೇ ಎಂದು ನಾವು ಯಾರನ್ನೂ ವಿಚಾರಿಸಲಿಲ್ಲ. ವಿಚಾರಿಸದಿರುವುದರಲ್ಲೇ ನಮಗೆ ಉತ್ತರ ಗೊತ್ತಿತ್ತು ಎಂದು ಈಗ ಅನ್ನಿಸುತ್ತದೆ.

ಮಾಡುವ ಕ್ರಮ ಕಷ್ಟದ್ದೇನಲ್ಲ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ತರಿಯಾಗಿ ಒಡೆದು ಬಿಸಿನೀರಿಗೆ ಹಾಕಿ ಒಂದು ಗಂಟೆ ಇಡಬೇಕು. ಆ ಗಂಟೆಯುದ್ದಕ್ಕೂ ಕಾವು ಒಂದೇ ಸಮ ಇರಬೇಕು. ಏರಿದರೂ ಕೆಟ್ಟಿತು, ಇಳಿದರೂ ಕೆಟ್ಟಿತು. ಆಮೇಲೆ ಸಿಹಿನೀರನ್ನು ಅಡಿಯಿಂದ ನಿಧಾನವಾಗಿ ಬಸಿದುಕೊಳ್ಳಬೇಕು. ನಮ್ಮ ಸ್ಟೀಲ್ ಪಾತ್ರೆಯಲ್ಲಿ ಕಾವು ನಿಲ್ಲುತ್ತಿರಲಿಲ್ಲ. ತಣ್ಣಗಿನದನ್ನು ತಣ್ಣಗಿಡುವ ಡಬ್ಬ ಬಿಸಿಯದನ್ನು ಬಿಸಿಯಾಗಿಯೂ ಇಡುತ್ತದೆ ಎಂದು ನನ್ನ ಗಂಡ ಎಲ್ಲೋ ಓದಿ, ಮದುವೆ ಅಡುಗೆಯವರೊಬ್ಬರಿಂದ ಹಳೆಯ ನೀಲಿ ಐಸ್ ಬಾಕ್ಸ್ ತಂದರು. ಕರಗಿದ ನೀರು ಚೆಲ್ಲಲು ಅದರ ಅಡಿಯಲ್ಲಿ ಬಿರಡೆಯ ಒಂದು ಸಣ್ಣ ತೂತು ಇತ್ತು. ಆ ಜಾಗದಲ್ಲಿ ಹಿಡಿಕೆ ತಿರುಗಿಸಿದರೆ ತೆರೆದು ಮುಚ್ಚುವ ಒಳ್ಳೆಯ ನಲ್ಲಿ ಕೂರಿಸಿದರೆ ಕೆಲಸ ಮುಗಿಯಿತು ಎಂದುಕೊಂಡೆವು.

ಮುಗಿಯಲಿಲ್ಲ. ನನ್ನ ಗಂಡ ತೂತು ದೊಡ್ಡದು ಮಾಡಿ, ನಲ್ಲಿ ತೂರಿಸಿ, ಸುತ್ತಲೂ ಎರಡು ಬಣ್ಣದ ಅಂಟು ಕಲಸಿ ಮೆತ್ತಿದರು. ತಣ್ಣೀರಿಗೆ ತಡೆಯಿತು. ಬಿಸಿನೀರು ಹೊಯ್ದ ಹತ್ತು ನಿಮಿಷಕ್ಕೆ ಅಂಟು ಅಂಚಿನಲ್ಲಿ ಬಿಟ್ಟುಕೊಂಡು ಅಡುಗೆಮನೆಯೆಲ್ಲ ಒದ್ದೆ. ಆಮೇಲೆ ನಾನು ಅಂಟು ಕೆರೆದು, ವಿಡಿಯೋ ನೋಡಿಕೊಂಡು, ಪ್ಲಂಬರ್‌ಗಳು ಬಳಸುವ ಬಿಳಿ ಟೇಪನ್ನು ನಲ್ಲಿಯ ಪೈಪಿನ ತಿರುಪು ಗೆರೆಗಳ ಮೇಲೆ ಸುತ್ತಿ, ವಾಷರ್ ಹಾಕಿ ಬಿಗಿ ಮಾಡಿದೆ. ಅದೂ ಸೋರಿತು. ಬಸ್ ಸ್ಟ್ಯಾಂಡ್ ಹತ್ತಿರದ ಹಾರ್ಡ್‌ವೇರ್ ಅಂಗಡಿಯವರು ಡಬ್ಬವನ್ನು ನೋಡಿಯೂ ನೋಡದೆ, ಇದನ್ನು ಗುಜರಿಗೆ ಹಾಕಿ ಮೇಡಂ ಅಂದರು. ಆಗ ನನಗೆ ಹೊಳೆದದ್ದು ಒಂದೇ ಕೈ, ಅತ್ತೆಯದು.

ಅತ್ತೆ ನನ್ನ ಅಪ್ಪನ ಅಕ್ಕ. ದೊಡ್ಡಬಳ್ಳಾಪುರದ ಒಂದು ಓಣಿಯಲ್ಲಿ ಮನೆ, ಮನೆಯ ಹಿಂದೆ ಉದ್ದನೆಯ ಶೀಟಿನ ಕೊಟ್ಟಿಗೆಯಂಥ ಜಾಗ, ಅದರಲ್ಲಿ ನಾಲ್ಕು ಪವರ್‌ಲೂಮ್. ಅಪ್ಪನಿಗೆ ಊರಿಂದೂರಿಗೆ ವರ್ಗವಾಗುವ ಕೆಲಸವಿದ್ದುದರಿಂದ ಒಂಬತ್ತನೆಯ ವಯಸ್ಸಿನಿಂದ ಬಿ.ಎ. ಮುಗಿಯುವ ತನಕ ನಾನು ಬೆಳೆದದ್ದು ಆ ಮನೆಯಲ್ಲಿ. ಶಾಲೆಯಿಂದ ಬಂದು ಕಾಫಿ ಕುಡಿದರೆ ರಾಟೆಯ ಮುಂದೆ ಕೂತು ಕಂಡಿಕೆ ಸುತ್ತುವುದು ನನ್ನ ಪಾಲಿನ ಕೆಲಸ. ಕಂಡಿಕೆ ಎಂದರೆ ಲಾಳಿಯೊಳಗೆ ಕೂರುವ, ಬೆರಳುದ್ದದ, ನೂಲು ಸುತ್ತಿದ ಕಡ್ಡಿ. ಮಗ್ಗದಲ್ಲಿ ಲಾಳಿ ಆ ಕಡೆ ಈ ಕಡೆ ಓಡುವಾಗ ಅದರಿಂದಲೇ ನೂಲು ಬಿಚ್ಚಿಕೊಳ್ಳುತ್ತ ಹೋಗುವುದು. ನನಗೆ ಓದುಬರಹ ಕಲಿಸಿದ್ದು ಶಾಲೆ, ಕೈ ಕಲಿಸಿದ್ದು ಅತ್ತೆ.

ಮೊದಲು ಮಗ್ಗ ನೋಡಿಕೊಳ್ಳುತ್ತಿದ್ದವರು ಮಾವ, ಅತ್ತೆಯ ಗಂಡ. ಒಳ್ಳೆಯ ಮನುಷ್ಯ, ನಗಿಸುತ್ತಿದ್ದರು, ನನ್ನನ್ನು ಭುಜದ ಮೇಲೆ ಕೂರಿಸಿಕೊಂಡು ಓಣಿ ಸುತ್ತುತ್ತಿದ್ದರು. ಕುಡಿಯುತ್ತಿದ್ದರು. ಒಂದು ಮಧ್ಯಾಹ್ನ ಕುಡಿದು ಬಂದು ಓಡುತ್ತಿದ್ದ ಮಗ್ಗದ ಬೆಲ್ಟಿಗೆ ಕೈ ಕೊಟ್ಟು ಎರಡು ಬೆರಳು ಕಳೆದುಕೊಂಡರು. ನಾನು ಆಗ ಬಂದ ಹೊಸದು. ಬಿಳಿ ಬಟ್ಟೆಯ ಮೇಲೆ ಕೆಂಪು ಹರಡಿದ್ದು ನೋಡಿದ ಹಾಗೆ ನೆನಪು. ಆದರೆ ಆ ಕಾಲಕ್ಕೆ ನಮ್ಮ ಮಗ್ಗದಲ್ಲಿ ಬಿಳಿ ಬಟ್ಟೆಯೇ ನೇಯುತ್ತಿರಲಿಲ್ಲ ಎಂದು ಅತ್ತೆ ಎಂದೋ ಹೇಳಿದ್ದರು. ಹಾಗಾದರೆ ನಾನು ಕಂಡದ್ದೇನು? ಮಾವ ಕುಡಿದಿದ್ದರು ಎಂಬುದೂ ಓಣಿಯ ಹೆಂಗಸರ ಬಾಯಿಂದ ಬಂದದ್ದು. ಅತ್ತೆ ಹೇಳುತ್ತಿದ್ದದ್ದು ಅವತ್ತು ಅವರ ಕೈ ಸ್ತಿಮಿತದಲ್ಲಿ ಇರಲಿಲ್ಲ ಎಂದಷ್ಟೇ. ಆಮೇಲೆ ಮಾವ ಮಗ್ಗ ಮುಟ್ಟಲಿಲ್ಲ, ಕುಡಿಯುವುದನ್ನೂ ಬಿಡಲಿಲ್ಲ, ನಾಲ್ಕೈದು ವರ್ಷಕ್ಕೆ ಹೋದರು. ಅಷ್ಟರಲ್ಲಿ ಅತ್ತೆ ನಾಲ್ಕು ಮಗ್ಗವನ್ನೂ ಬಿಚ್ಚಿ ಜೋಡಿಸುವಷ್ಟು ಕಲಿತಿದ್ದರು.

ಹೇಗೆ ಕಲಿತರು ಎಂದು ನಾನು ನೋಡಿದ್ದೇನೆ. ರಿಪೇರಿಗೆ ಮೇಸ್ತ್ರಿ ಬಂದರೆ ಅವನ ಎದುರು ತಟ್ಟೆ ಹಿಡಿದು ನಿಲ್ಲುತ್ತಿದ್ದರು. ಅವನು ಬಿಚ್ಚಿದ ಒಂದೊಂದು ನಟ್ಟನ್ನೂ ಬಿಚ್ಚಿದ ಕ್ರಮದಲ್ಲೇ ತಟ್ಟೆಯ ಅಂಚಿಗೆ ಸಾಲಾಗಿ ಇಡುತ್ತಿದ್ದರು. ಅವನು ತಿರುಗಿ ಜೋಡಿಸುವಾಗ ಕೈ ನೀಡುವ ಮೊದಲೇ ಬೇಕಾದ ನಟ್ಟು ಕೊಡುತ್ತಿದ್ದರು. ಮೂರು ಸಲ ಹಾಗೆ ಮಾಡಿ ನಾಲ್ಕನೆಯ ಸಲ ಮೇಸ್ತ್ರಿಯನ್ನು ಕರೆಸಲಿಲ್ಲ. ಕೊನೆಕೊನೆಗೆ ಕಣ್ಣು ಮುಚ್ಚಿ ನಿಂತು ನಾಲ್ಕು ಮಗ್ಗದ ಸದ್ದಿನಲ್ಲಿ ಯಾವುದು ಎಡವುತ್ತಿದೆ ಎಂದು ಹೇಳುತ್ತಿದ್ದರು. ನಾನು ವಿಶ್ವವಿದ್ಯಾಲಯದಲ್ಲಿ ಕಲಿತ ಯಾವುದನ್ನೂ ಅಷ್ಟು ಪೂರ್ತಿಯಾಗಿ ಕಲಿತಿಲ್ಲ.

ಮಾವ ಹೋದ ಮೇಲೆ ಆ ಮನೆಯಲ್ಲಿ ಒಂದು ಕಟ್ಟುಪಾಡು ಬಂತು. ಕುಡಿದವರು ಹೊಸ್ತಿಲು ದಾಟುವಂತಿಲ್ಲ. ಮಾವನ ತಮ್ಮ ಒಂದು ಸಲ ವಾಸನೆಯೊಂದಿಗೆ ಬಂದಾಗ ಅತ್ತೆ ಕೂಗಾಡಲಿಲ್ಲ. ಕುರ್ಚಿಯನ್ನು ಓಣಿಯಲ್ಲಿ ಹಾಕಿ, ಅಲ್ಲೇ ಊಟ ಬಡಿಸಿದರು. ಆ ಮನುಷ್ಯ ಎದುರುಮನೆಯವರ ಕಣ್ಣೆದುರು ಮುದ್ದೆ ಮುರಿಯುತ್ತ ಕೂತಿದ್ದು ನನಗೆ ಮರೆಯುವುದಿಲ್ಲ. ಮತ್ತೆ ಆತ ಅತ್ತೆಯ ಮನೆಗೆ ಬರಲಿಲ್ಲ, ಅತ್ತೆ ಕರೆಯಲೂ ಇಲ್ಲ. ನಾನು ಬಿಯರ್ ಮಾಡುತ್ತೇನೆಂದು ತಿಳಿದರೆ ಆ ಕುರ್ಚಿ ನನಗೂ ಓಣಿಗೆ ಬರುತ್ತದೆ ಎಂಬುದೇ ನನ್ನ ಭಯ. ಅಮ್ಮನ ಮನೆ ಎಂದು ನಾನು ಹೋಗುವುದು ಆ ಹೊಸ್ತಿಲಿಗೇ. ಬೇರೆ ಯಾವುದೂ ನನಗೆ ಹಾಗನ್ನಿಸಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ಐಸ್ ಬಾಕ್ಸನ್ನು ಸ್ಕೂಟರಿನ ಮುಂದೆ ಇಟ್ಟುಕೊಂಡು ಅಲ್ಲಿಗೇ ಹೋದೆ. ಬೇರೆ ಯಾರಿಗೂ ಆಗದು ಎಂಬುದು ಒಂದು ಕಾರಣ. ಅತ್ತೆಗೆ ಒಂದು ಕೆಲಸ ಒಪ್ಪಿಸುವುದು ನನಗೆ ಚಿಕ್ಕಂದಿನಿಂದಲೂ ಒಂದು ಸುಖ ಎಂಬುದು ಇನ್ನೊಂದು. ಎರಡನೆಯದೇ ನಿಜವಾದ ಕಾರಣವಿರಬೇಕು.

ಅತ್ತೆ ಡಬ್ಬವನ್ನು ಕೊಟ್ಟಿಗೆಯ ಬಾಗಿಲಿನ ಬೆಳಕಿಗೆ ಎಳೆದುಕೊಂಡು, ಕನ್ನಡಕವನ್ನು ಹಣೆಗೇರಿಸಿ, ತೂತಿನ ಸುತ್ತ ಬೆರಳಾಡಿಸಿದರು. ನಮ್ಮ ಅಂಟಿನ ಕಲೆ ಇನ್ನೂ ಉಳಿದಿತ್ತು.

“ಅಳಿಯಂದ್ರ ಕೆಲ್ಸವಾ ಇದು?”

ಹೂಂ ಅಂದೆ.

“ಚೆನ್ನಾಗಿ ಬಳ್ದವ್ರೆ. ಗೋಡೆಗೆ ಬಳ್ದಿದ್ರೆ ಗೋಡೆನಾದ್ರೂ ನಿಲ್ತಿತ್ತು.”

ಆಮೇಲೆ ಯಾತಕ್ಕೆ ಎಂದು ಕೇಳಿದರು. ನಾನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತನ್ನೇ ಹೇಳಿದೆ: ಕಾಲೇಜಿನಲ್ಲಿ ನಾವು ಹೆಂಗಸರು ಬೆಳಿಗ್ಗೆ ರಾಗಿ ಮಾಲ್ಟ್ ಕುಡಿಯೋಣ ಎಂದುಕೊಂಡಿದ್ದೇವೆ, ಒಮ್ಮೆಗೇ ಮಾಡಿ ಬಿಸಿಯಾಗಿ ಇಡಬೇಕು, ನಲ್ಲಿಯಿಂದ ಹಿಡಿದುಕೊಳ್ಳಬೇಕು. ಅತ್ತೆ ನನ್ನ ಮುಖ ನೋಡಲಿಲ್ಲ. ಡಬ್ಬದ ಗೋಡೆಯನ್ನು ಹೆಬ್ಬೆರಳಿನಿಂದ ಒತ್ತುತ್ತಿದ್ದರು.

ಅದು ಒತ್ತಿದ ಕಡೆ ತಗ್ಗುತ್ತಿತ್ತು. ಒಳಗೊಂದು ಪ್ಲಾಸ್ಟಿಕ್ ಹಾಳೆ, ಹೊರಗೊಂದು, ನಡುವೆ ಸ್ಪಂಜಿನಂಥ ಟೊಳ್ಳು. ನಟ್ಟು ಬಿಗಿ ಮಾಡಿದಷ್ಟೂ ಗೋಡೆ ಒಳಕ್ಕೆ ಕುಸಿಯುತ್ತದೆ, ವಾಷರ್ ಕೂರುವುದೇ ಇಲ್ಲ ಎಂದು ಅತ್ತೆ ವಿವರಿಸಿದರು. ನಾವಿಬ್ಬರು ಓದಿದವರು ಮೂರು ವಾರ ಅಂಟು ಮತ್ತು ಟೇಪಿನ ಗುಣವನ್ನು ಚರ್ಚಿಸಿದ್ದೆವು. ಗೋಡೆಯನ್ನು ಒತ್ತಿ ನೋಡಿರಲಿಲ್ಲ.

ಅತ್ತೆ ಎದ್ದು ಮೂಲೆಯ ಚೀಲದಿಂದ ನೂಲು ಮುಗಿದ ಪ್ಲಾಸ್ಟಿಕ್ ಕೊಳವೆಯೊಂದನ್ನು ತಂದರು. ಕಾರ್ಖಾನೆಯಿಂದ ನೂಲು ಅಂಥ ಕೊಳವೆಗೆ ಸುತ್ತಿಯೇ ಬರುವುದು. ನೂಲು ಮುಗಿದ ಮೇಲೆ ಮಕ್ಕಳಿಗೆ ಆಟಕ್ಕೆ. ಪೈಪನ್ನು ಅದರೊಳಗೆ ತೂರಿಸಿ ನೋಡಿದರು. ಸಲೀಸಾಗಿ ಹೋಯಿತು. ಗೋಡೆಯ ದಪ್ಪವನ್ನು ನೂಲೆಳೆಯಿಂದ ಅಳೆದು, ಅಷ್ಟೇ ಉದ್ದಕ್ಕೆ ಕೊಳವೆಯನ್ನು ಗರಗಸದ ಬ್ಲೇಡಿನಿಂದ ಕೊಯ್ದು, ಅಂಚನ್ನು ನೆಲದ ಕಲ್ಲಿಗೆ ಉಜ್ಜಿ ಸಮ ಮಾಡಿದರು. ತೂತನ್ನು ದುಂಡನೆಯ ಅರದಿಂದ ತಿದ್ದಿ, ಕೊಳವೆಯ ತುಂಡನ್ನು ಗೋಡೆಯ ಟೊಳ್ಳಿನೊಳಗೆ ಕೂರಿಸಿದರು. ಈಗ ಒತ್ತಿದರೆ ತಗ್ಗಲಿಲ್ಲ. ಈ ಕೆಲಸಕ್ಕೆ ಹಿಡಿದದ್ದು ಹದಿನೈದು ನಿಮಿಷವೋ ಅರ್ಧ ಗಂಟೆಯೋ. ನಾನು ಗಡಿಯಾರ ನೋಡಲಿಲ್ಲ. ಅವರು ಕೊಯ್ಯುವಾಗ ನಾಲಿಗೆಯ ತುದಿಯನ್ನು ತುಟಿಯ ಮೂಲೆಯಲ್ಲಿ ಕಚ್ಚಿಕೊಳ್ಳುವುದನ್ನು ನೋಡುತ್ತಿದ್ದೆ.

ವಾಷರ್ ಮಾತು ಬಂದಾಗ ಒಂದು ಕ್ಷಣ ಸಿಕ್ಕಿಹಾಕಿಕೊಂಡೆ. ಮಗ್ಗದಲ್ಲಿ ಲಾಳಿಯನ್ನು ಹೊಡೆಯುವ ಕಡೆ ದಪ್ಪ ಚರ್ಮದ ಪಟ್ಟಿ ಇರುತ್ತದೆ. ಅದರ ತುಂಡಿನಿಂದ ವಾಷರ್ ಕತ್ತರಿಸಿದರೆ ನೂರು ವರ್ಷ ಸೋರದು ಎಂದು ಅತ್ತೆ ಹೇಳಿದರು. ಬಾಯಿಗೆ ಹೋಗುವುದಲ್ಲವಾ, ಚರ್ಮ ಬೇಡ ಅಂದೆ. ಮಾಲ್ಟ್ ಒಂದೆರಡು ಗಂಟೆ ಇರುವುದು ತಾನೆ, ಅಷ್ಟರಲ್ಲಿ ಚರ್ಮದ ವಾಸನೆ ಹಿಡಿಯುತ್ತಾ ಎಂದು ಕೇಳಿದರು. ನಾನು ಚೀಲದೊಳಗೆ ಕೈಹಾಕಿ ಹುಡುಕತೊಡಗಿದೆ. ಅವರೇ ಬಿಟ್ಟರು. ನಾನು ತಂದಿದ್ದ, ಗೀಸರಿಗೆ ಹಾಕುವ ಬಿಳಿ ವಾಷರನ್ನು ಬೆರಳಲ್ಲಿ ಮಡಿಸಿ ನೋಡಿ ಆಗಬಹುದು ಅಂದರು.

ಇನ್ನು ಉಳಿದದ್ದು ಟೇಪ್. ನಾನು ಸುತ್ತಿದ್ದನ್ನು ಅತ್ತೆ ಒಂದೇ ಎಳೆತಕ್ಕೆ ಬಿಚ್ಚಿ ಬಿಸಾಡಿ, ಹೊಸದಾಗಿ ಸುತ್ತಿದರು. ಒಂದರ ಮೇಲೊಂದು ಅರ್ಧರ್ಧ ಏರಿ, ಸುಕ್ಕಿಲ್ಲದೆ, ಈಗಷ್ಟೇ ರಾಟೆಯಿಂದ ಇಳಿಸಿದ ಕಂಡಿಕೆಯಷ್ಟು ಚೆಂದ. ಜೋಡಿಸಿದರು. ನಟ್ಟು ಬಿಗಿ ಮಾಡಿದರು. ಒಲೆಯ ಮೇಲೆ ಮರಳುತ್ತಿದ್ದ ನೀರು ತಂದು ಡಬ್ಬಕ್ಕೆ ಹೊಯ್ದೆವು. ನಲ್ಲಿಯ ಕೆಳಗೆ ನೆಲದ ಮೇಲೆ ಅತ್ತೆ ರಂಗೋಲಿ ಪುಡಿಯನ್ನು ತೆಳ್ಳಗೆ ಉದುರಿಸಿ ಕೈಯಲ್ಲಿ ಸವರಿ ಸಮ ಮಾಡಿದರು. ಒಂದು ಹನಿ ಬಿದ್ದರೂ ಗುಳಿ ಬೀಳುತ್ತದೆ, ಕಣ್ಣು ತಪ್ಪಿಸಲು ಆಗದು.

ಐದು ನಿಮಿಷಕ್ಕೆ ಒಂದು ಗುಳಿ ಬಿತ್ತು. ಸ್ವಲ್ಪ ಹೊತ್ತಿಗೆ ಅದರ ಪಕ್ಕ ಇನ್ನೊಂದು.

ಅತ್ತೆಯ ಕೈಯಿಂದ ಹೊರಬಿದ್ದ ಕೆಲಸ ಕೆಟ್ಟದ್ದನ್ನು ನಾನು ನೋಡಿದ್ದು ಕಡಿಮೆ. ಇರಲಿ ಬಿಡು ಅತ್ತೆ, ಕೆಳಗೊಂದು ಬಟ್ಟಲು ಇಟ್ಟುಕೊಂಡರಾಯಿತು ಅಂದೆ. ಅವರು ನನ್ನನ್ನು ನೋಡಿದ ರೀತಿಗೆ ಆ ಮಾತು ಅಲ್ಲೇ ನಿಂತಿತು. ನೀರು ಚೆಲ್ಲಿ, ಎಲ್ಲ ಬಿಚ್ಚಿ, ನಟ್ಟು ವಾಷರ್‌ಗಳನ್ನು ಮೊದಲಿನಂತೆಯೇ ತಟ್ಟೆಯ ಅಂಚಿಗೆ ಸಾಲಿಟ್ಟು, ಪೈಪನ್ನು ಕಣ್ಣಿನ ಹತ್ತಿರ ಹಿಡಿದರು. ಟೇಪ್ ಒಂದು ಕಡೆಗೆ ತಳ್ಳಿಕೊಂಡು ಹೋಗಿ ಮುದ್ದೆಯಾಗಿತ್ತು, ಅದರ ತುದಿ ಬಾಲದಂತೆ ನೇತಾಡುತ್ತಿತ್ತು. ಅತ್ತೆ ಬಹಳ ಹೊತ್ತು ಆ ಬಾಲವನ್ನೇ ನೋಡಿದರು. ಆಮೇಲೆ ನನ್ನ ಕೈಗೆ ಪೈಪ್ ಕೊಟ್ಟು ಟೇಪ್ ಸುತ್ತು ನೋಡೋಣ ಅಂದರು.

ಸುತ್ತಿದೆ.

“ನೀನೂ ಹಂಗೇ ಸುತ್ತುತೀಯ.”

“ಹೆಂಗೆ?”

“ಕಂಡಿಕೆ ಸುತ್ತಿದಂಗೆ. ನಾನೇ ಅಲ್ವಾ ಕಲ್ಸಿದ್ದು.” ಪೈಪನ್ನು ಕಸಿದುಕೊಂಡು ನಟ್ಟನ್ನು ಅದಕ್ಕೆ ಹಿಡಿದು ನಿಧಾನವಾಗಿ ತಿರುಗಿಸಿ ತೋರಿಸಿದರು. ನಟ್ಟು ಬಲಕ್ಕೆ ತಿರುಗುತ್ತ ಹೋದ ಹಾಗೆ ಟೇಪಿನ ತುದಿ ಎದುರು ಎದ್ದು ಬಿಚ್ಚಿಕೊಳ್ಳುತ್ತ ಬಂತು. “ನೋಡ್ದಾ. ನಾವು ಜನ್ಮ ಎಲ್ಲಾ ಬಿಚ್ಕೊಳ್ಳಿ ಅಂತ ಸುತ್ತಿದ್ದು ಕಣೇ. ಇದು ಬಿಚ್ಬಾರ್ದು.”

ಆಗ ನನಗೆ ಅರ್ಥವಾಯಿತು. ನಮ್ಮ ಮನೆಯಲ್ಲಿ ಎಲ್ಲರ ಕೈಯೂ ಒಂದೇ ದಿಕ್ಕಿಗೆ ಸುತ್ತುತ್ತದೆ. ಹೂ ಕಟ್ಟುವುದು, ಗಾಯಕ್ಕೆ ಬಟ್ಟೆ ಸುತ್ತುವುದು, ಪೊಟ್ಟಣಕ್ಕೆ ದಾರ ಸುತ್ತುವುದು, ಎಲ್ಲ ರಾಟೆಯ ದಿಕ್ಕು. ವಿಡಿಯೋದಲ್ಲಿ ಆ ಮನುಷ್ಯ ಬೇರೆ ದಿಕ್ಕಿಗೆ ಸುತ್ತುತ್ತಿದ್ದದ್ದು ನನ್ನ ಕಣ್ಣಿಗೆ ಬಿದ್ದಿರಲಿಕ್ಕೂ ಸಾಕು, ಕೈಗೆ ಬೀಳಲಿಲ್ಲ. ನನ್ನ ಗಂಡನ ಕೈಗೆ ಟೇಪ್ ಕೊಟ್ಟಿದ್ದರೆ ಬಹುಶಃ ಸರಿಯಾಗಿಯೇ ಸುತ್ತುತ್ತಿದ್ದರು. ಅವರದು ನಂದಗುಡಿ ಕಡೆಯ ಬೇಸಾಯದ ಮನೆ, ಕಂಡಿಕೆ ನೋಡಿದವರಲ್ಲ.

ಸರಿ ದಿಕ್ಕಿಗೆ ಸುತ್ತುವುದು ಅತ್ತೆಗೆ ಕಷ್ಟವಾಯಿತು. ನೋಡಲು ಅದು ತೀರ ಸಣ್ಣ ವಿಷಯ. ಆದರೆ ಅರವತ್ತೆಂಟು ವರ್ಷದ ಹೆಂಗಸು, ಲಕ್ಷಗಟ್ಟಲೆ ಕಂಡಿಕೆ ಸುತ್ತಿದ ಬೆರಳನ್ನು ಒಂದು ಪೈಪಿಗಾಗಿ ಹಿಂದಕ್ಕೆ ತಿರುಗಿಸಲು ಹೊರಟಿದ್ದರು. ಎರಡು ಸಲ ಕೈ ತಾನಾಗಿ ಹಳೆಯ ದಿಕ್ಕಿಗೆ ಹೋಯಿತು. ಎರಡು ಸಲವೂ ಬಿಚ್ಚಿದರು. ಮೂರನೆಯ ಸಲ ಟೇಪಿನ ಉರುಳೆಯನ್ನು ಕೈಯಲ್ಲಿ ಅಲುಗಾಡದಂತೆ ಹಿಡಿದು ಪೈಪನ್ನೇ ತಿರುಗಿಸಿದರು. ಕೈಯನ್ನು ಸುಮ್ಮನಿರಿಸಿ ವಸ್ತುವನ್ನು ತಿರುಗಿಸಬಹುದು ಎಂದು ನನಗೆ ಹೊಳೆದಿರಲಿಲ್ಲ. ಸುಕ್ಕಿಲ್ಲದ ಸುತ್ತು ಮತ್ತೆ ಬಂತು. ಆ ಹೊತ್ತಿನ ಅವರ ಮುಖವನ್ನು ಬರೆಯಲು ಹೊರಟರೆ ಸುಳ್ಳಾಗುತ್ತದೆ. ನಾನು ಬೆರಳುಗಳನ್ನೇ ನೋಡುತ್ತಿದ್ದೆ.

ಮತ್ತೆ ಬಿಸಿನೀರು, ಮತ್ತೆ ರಂಗೋಲಿ ಪುಡಿ. ಈ ಸಲ ಒಂದು ಗಂಟೆ ನೋಡಬೇಕೆಂದು ಅತ್ತೆಯೇ ಹೇಳಿದರು. ಊಟದ ಹೊತ್ತು ಮೀರಿತು, ಎದ್ದೇಳಲಿಲ್ಲ. ಅಲ್ಲೇ ಗೋಡೆಗೆ ಒರಗಿ ಕಾಲು ಚಾಚಿ ಕೂತರು. ಪುಡಿ ಬೆಳ್ಳಗೆ, ಸಮವಾಗಿ, ಒಣಗಿಯೇ ಇತ್ತು. ಅರ್ಧ ಗಂಟೆಯ ಹೊತ್ತಿಗೆ ಅವರು ಒಂದು ಮಾತು ಕೇಳಿದರು.

“ಮಾಲ್ಟ್‌ಗೆ ನಲ್ಲಿ ಯಾಕೆ? ಸೌಟಲ್ಲಿ ಹಾಕ್ಕೊಂಡ್ರೆ ಆಗಕಿಲ್ವಾ?”

ಹೇಳಿಬಿಡಬಹುದಾಗಿದ್ದ ಹೊತ್ತು ಅದೇ. ಬಾಯಿಯವರೆಗೆ ಬಂದಿತ್ತು ಎಂದು ದಿನಚರಿಯಲ್ಲಿ ಬರೆದುಕೊಂಡಿದ್ದೇನೆ. ಅದು ನಿಜವೋ, ಆಮೇಲೆ ಸಮಾಧಾನಕ್ಕೆ ಬರೆದದ್ದೋ ಹೇಳಲಾರೆ. ಅವರ ಕಾಲಿನ ಹತ್ತಿರ ಒಣ ಪುಡಿ ಹರಡಿತ್ತು, ಸೀರೆಯ ಸೆರಗಿನಲ್ಲಿ ಗ್ರೀಸಿನ ಕಲೆಯಿತ್ತು, ನನಗಾಗಿ ಆ ಮಧ್ಯಾಹ್ನವಿಡೀ ಅವರು ತಮ್ಮ ಕೈಯೊಂದಿಗೇ ಹೋರಾಡಿದ್ದರು. ಗಸಿ ಕೆಳಗೆ ಉಳಿಯಬೇಕಲ್ಲ, ತಿಳಿ ಮಾತ್ರ ಬರಬೇಕಲ್ಲ, ಅದಕ್ಕೆ ಎಂದು ಹೇಳಿದೆ. ಆ ಮಾತು ಬಿಯರಿನ ವಿಷಯದಲ್ಲಿ ಪೂರ್ತಿ ನಿಜ. ಮಾಲ್ಟಿನಲ್ಲಿ ಗಸಿಯನ್ನೂ ಕುಡಿಯುತ್ತಾರೆ ಎಂಬುದು ದೊಡ್ಡಬಳ್ಳಾಪುರದಲ್ಲಿ ಯಾರಿಗೆ ಗೊತ್ತಿಲ್ಲ? ಅತ್ತೆ ಹೂಂ ಅಂದರು, ಮತ್ತೆ ಪುಡಿಯ ಕಡೆ ನೋಡಿದರು.

ಗಂಟೆ ಮುಗಿದಾಗ ಒಂದು ಗುಳಿಯೂ ಇರಲಿಲ್ಲ. ಅತ್ತೆ ನಲ್ಲಿಯ ಕೆಳಗೆ ಬೆರಳು ಒರೆಸಿ ಕೆನ್ನೆಗೆ ಹಚ್ಚಿಕೊಂಡು ನೋಡಿದರು, ತೇವವೂ ಇಲ್ಲ. ಆಮೇಲೆ ನಲ್ಲಿಯನ್ನು ಪೂರ್ತಿ ತೆರೆದು, ನೀರು ಧೋ ಎಂದು ಬರುವುದನ್ನು ಸುಮ್ಮನೆ ನೋಡುತ್ತ ನಿಂತರು.

ಮುಂದಿನ ವಾರದೊಳಗೆ ಸುದ್ದಿ ಓಣಿ ತುಂಬಾ ಹರಡಿತು. ನಮ್ಮ ಹುಡುಗಿ ಕಾಲೇಜಿನಲ್ಲಿ ಮಾಲ್ಟ್ ಮಿಷನ್ ಇಟ್ಟವ್ಳೆ, ನಲ್ಲಿ ನಾನೇ ಕೂರ್ಸಿದ್ದು ಎಂದು ಅತ್ತೆ ಎದುರುಮನೆಯವರಿಗೂ ಹಾಲಿನವನಿಗೂ ಹೇಳಿದ್ದರು. ಎದುರುಮನೆಯಾಕೆ ನನ್ನನ್ನು ಅಂಗಡಿಯಲ್ಲಿ ನಿಲ್ಲಿಸಿಕೊಂಡು, ಒಂದು ಲೋಟ ನಮಗೂ ಕಳಿಸಮ್ಮ, ಸಕ್ಕರೆ ಕಾಯಿಲೆಗೆ ಒಳ್ಳೇದಂತೆ ಅಂದರು. ನಾನು ತಾಳಲಾರದೆ ಒಂದು ದಿನ ನಿಜವಾಗಿಯೂ ರಾಗಿ ಮಾಲ್ಟ್ ಕಾಯಿಸಿ ದೊಡ್ಡ ಫ್ಲಾಸ್ಕಿನಲ್ಲಿ ಕಾಲೇಜಿನ ಸ್ಟಾಫ್ ರೂಮಿಗೆ ಒಯ್ದೆ. ಎಲ್ಲರೂ ಕುಡಿದು ಹೊಗಳಿದರು. ಅದರಿಂದ ಸುಳ್ಳು ನಿಜವಾಗಲಿಲ್ಲ, ಆ ವಾರ ಸ್ವಲ್ಪ ನಿದ್ದೆ ಬಂತು ಅಷ್ಟೆ.

ಇದಾಗಿ ತಿಂಗಳೊಳಗೆ ಅತ್ತೆ ಒಂದು ಗಂಟು ಕಳಿಸಿದರು. ಹಳೆಯ ಸೀರೆಯ ತುಂಡಿನಲ್ಲಿ ಕಟ್ಟಿದ್ದ ರಾಗಿ, ನಾಲ್ಕು ಸೇರಾದರೂ ಇರಬೇಕು. ತಂದುಕೊಟ್ಟ ಆಟೋದವನು, ಮಾಲ್ಟಿಗಂತೆ, ಅಮ್ಮ ಹೇಳವ್ರೆ ಎಂದು ಹೇಳಿ ಹೋದ. ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಬಿಸಿಲಿಗೆ ಒಣಗಿಸಿ, ಮೊಳಕೆಯ ಬೇರನ್ನು ಅಂಗೈಯಲ್ಲಿ ಉಜ್ಜಿ ತೆಗೆದು, ತರಿಯಾಗಿ ಒಡೆಸಿದ್ದರು. ಎಷ್ಟು ದಿನದ ಕೆಲಸ ಅದು ಎಂದು ನನಗೆ ಗೊತ್ತು. ನಾಚಿಕೆಯಿಂದ ಗಂಟನ್ನು ಮತ್ತೆ ಕಟ್ಟಿ ಅಡುಗೆಮನೆಯ ಮೂಲೆಗೆ ಇಟ್ಟೆ, ಎರಡು ದಿನ ಮುಟ್ಟಲಿಲ್ಲ.

ಮತ್ತೆ ಬಿಚ್ಚಿದ್ದು ನನ್ನ ಗಂಡ. ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಅಗಿದು, ನನ್ನನ್ನು ಕರೆದರು.

“ಇದು ಹಸೀದು. ಹುರಿದಿಲ್ಲ.”

ನಾನೂ ಬಾಯಿಗೆ ಹಾಕಿಕೊಂಡೆ. ಹುಲ್ಲಿನ ವಾಸನೆ, ಹಿಂದೆ ಸಣ್ಣ ಸಿಹಿ. ನಮ್ಮ ಸೀಮೆಯಲ್ಲಿ ಮೊಳಕೆ ರಾಗಿಯನ್ನು ಹುರಿಯದೆ ಮಾಲ್ಟಿಗೆ ಹಿಟ್ಟು ಮಾಡುವ ಮನೆಯನ್ನು ನಾನು ಕಂಡಿಲ್ಲ. ನನ್ನ ಗಂಡನ ಅಮ್ಮ ಹುರಿಯಲು ಕೂತರೆ ಘಮ ಬೀದಿಯ ಕೊನೆಯವರೆಗೆ ಬರುತ್ತಿತ್ತಂತೆ. ಹುರಿದು, ಆಮೇಲೆ ನುಣ್ಣಗೆ ಬೀಸುತ್ತಾರೆ. ಅತ್ತೆಯೂ ಹಾಗೇ ಮಾಡುತ್ತಿದ್ದರು. ನನ್ನ ಪರೀಕ್ಷೆಯ ದಿನಗಳಲ್ಲಿ ಬೆಳಗಿನ ಜಾವ ಆ ಹಿಟ್ಟನ್ನೇ ಕಾಯಿಸಿ ಕೊಡುತ್ತಿದ್ದರು. ಹುರಿಯದೆ, ನುಣ್ಣಗೆ ಬೀಸದೆ ಬರೀ ತರಿ ಮಾಡಿ ಇಡುವುದು ಒಂದೇ ಒಂದು ಕೆಲಸಕ್ಕೆ. ಧಾನ್ಯದ ಹಿಟ್ಟನ್ನು ಸಿಹಿ ಮಾಡುವ ಜೀವ ಹುರಿದರೆ ಸಾಯುತ್ತದೆ, ಅದು ಸತ್ತರೆ ಬಿಯರ್ ಆಗುವುದಿಲ್ಲ. ನಾವು ಎಲ್ಲಿಂದಲೋ ಪಾರ್ಸೆಲ್ ತರಿಸುತ್ತಿದ್ದ ಬಾರ್ಲಿಯೂ ಹೀಗೆ ಹಸಿಯಾಗಿಯೇ ಬರುತ್ತಿತ್ತು.

ಮರೆತಿರಬಹುದು ಅಂದರು ನನ್ನ ಗಂಡ. ತಟ್ಟೆಯಲ್ಲಿ ನಟ್ಟು ಸಾಲಿಡುವ ಹೆಂಗಸು ಹುರಿಯುವುದನ್ನು ಮರೆಯುವುದಿಲ್ಲ. ನೀನು ಬೇಕಾದಾಗ ಹೊಸದಾಗಿ ಹುರಿದುಕೊಳ್ಳುತ್ತೀ ಎಂದುಕೊಂಡಿರಬಹುದು ಅಂದರು. ಇರಬಹುದು, ಆದರೆ ತರಿ ಮಾಡಿದ ಮೇಲೆ ಹುರಿದರೆ ಸೀದು ಹೋಗುತ್ತದೆ, ಅದು ಅವರಿಗೆ ಗೊತ್ತು. ಗ್ಯಾಸ್ ಮುಗಿದಿತ್ತೇ? ಮೈಗೆ ಹುಷಾರಿರಲಿಲ್ಲವೇ? ಫೋನ್ ಮಾಡಿದಾಗ ಚೆನ್ನಾಗಿಯೇ ಇದ್ದರು, ಗಂಟು ತಲುಪಿತಾ ಎಂದಷ್ಟೇ ಕೇಳಿದರು. ಅವರಿಗೆ ಗೊತ್ತಿದ್ದರೆ, ಯಾವಾಗಿನಿಂದ ಗೊತ್ತು? ಗಸಿಯ ಮಾತು ಹೇಳಿದಾಗಿನಿಂದಲೇ? ಚರ್ಮದ ವಾಷರಿನಿಂದಲೇ? ಅದಕ್ಕಿಂತ ದೊಡ್ಡ ಪ್ರಶ್ನೆ: ಇಂಥದ್ದಕ್ಕೆ ರಾಗಿ ಹುರಿಯಬಾರದು ಎಂಬುದನ್ನು ಅವರು ಯಾರಿಂದ, ಯಾವ ಕಾಲದಲ್ಲಿ ಕಲಿತರು? ಅವರ ಬದುಕಿನ ಎಲ್ಲವನ್ನೂ ಬಲ್ಲೆ ಎಂದುಕೊಂಡಿದ್ದವಳು ನಾನು.

ಬಾರ್ಲಿಗೆ ಆ ರಾಗಿಯನ್ನು ಅರ್ಧಕ್ಕರ್ಧ ಸೇರಿಸಿ ನೀಲಿ ಡಬ್ಬದಲ್ಲಿ ಹಾಕಿದೆವು. ಕಾವು ಗಂಟೆಯುದ್ದಕ್ಕೂ ಹಾಗೇ ನಿಂತಿತು. ನಲ್ಲಿಯ ಕೆಳಗೆ ಒಣ ಪೇಪರ್ ಹಾಸಿದ್ದೆ, ಅದು ಒಣಗಿಯೇ ಇತ್ತು. ತೆರೆದಾಗ ಬಂದ ಸಿಹಿನೀರು ಹೊಸ ಮಡಕೆಯ ಬಣ್ಣದ್ದು. ಮೂರು ವಾರದ ಮೇಲೆ ಸಿದ್ಧವಾದದ್ದು ನಾವು ಅದುವರೆಗೆ ಮಾಡಿದ್ದರಲ್ಲೆಲ್ಲ ಒಳ್ಳೆಯದಾಗಿತ್ತು. ನಾನು ಅರ್ಧ ಲೋಟ ಕುಡಿದೆ. ಅದನ್ನು ಮಾಡಿದ ಕೈಗಳಲ್ಲಿ ಎರಡು ಅತ್ತೆಯವು ಎಂಬ ಯೋಚನೆ ಬಂದ ಮೇಲೆ ಉಳಿದರ್ಧವನ್ನು ಗಂಡನ ಲೋಟಕ್ಕೆ ಸುರಿದೆ.

ಸೀರೆಯ ತುಂಡನ್ನು ಒಗೆದು ಇಸ್ತ್ರಿ ಮಾಡಿ ವಾಪಸ್ ಕೊಡಲು ಹೋದೆ. ಇದು ಕಳೆದ ಬೇಸಿಗೆಯ ಮಾತು. ಮಗ್ಗ ಓಡುತ್ತಿದ್ದವು, ಈ ಸಲ ದಿನಚರಿಯೂ ಹಾಗೇ ಹೇಳುತ್ತದೆ. ಅತ್ತೆ ಎಂದಿನಂತೆ ಒಳಗೆ ಕರೆದರು, ಹೊಸ್ತಿಲು ದಾಟಿದೆ, ಕಾಫಿ ಕೊಟ್ಟರು. ನಲ್ಲಿ ಹೆಂಗದೆ ಎಂದು ಕೇಳಿದರು. ಒಂದು ಹನಿಯೂ ಇಲ್ಲ ಅಂದೆ. ಅವರಿಗೆ ಸಂತೋಷವಾಯಿತು, ಅದನ್ನು ಮುಚ್ಚಿಡಲಿಲ್ಲ. ಅಷ್ಟರಲ್ಲಿ ಎರಡನೆಯ ಮಗ್ಗದಲ್ಲಿ ಎಳೆ ಹರಿಯಿತು, ಎದ್ದು ಹೋದರು. ನಾನೂ ಕಾಫಿ ಲೋಟ ಹಿಡಿದು ಹಿಂದೆಯೇ ಹೋದೆ. ಅವರು ಮಗ್ಗ ನಿಲ್ಲಿಸಿ, ಬಗ್ಗಿ, ಹರಿದ ಎಳೆಯ ತುದಿ ಹುಡುಕುತ್ತಿದ್ದರು. ಉಳಿದ ಮೂರು ಮಗ್ಗದ ಸದ್ದಿನ ನಡುವೆ ಅವರ ಕಿವಿಯ ಹತ್ತಿರ ಬಾಯಿಟ್ಟು ಕೇಳಿದೆ. ಕೇಳಿಸಿತು ಎಂದೇ ನನ್ನ ನಂಬಿಕೆ, ಏಕೆಂದರೆ ಬೆರಳು ಒಂದು ಕ್ಷಣ ನಿಂತಿತು. ಆಮೇಲೆ ಎಳೆಯನ್ನು ಗಂಟು ಹಾಕಿ, ತುದಿಯನ್ನು ಹಲ್ಲಿನಿಂದ ಕಡಿದು, ಮಗ್ಗ ಓಡಿಸಿ, ಊಟ ಮಾಡಿಕೊಂಡು ಹೋಗು ಎಂದು ಸನ್ನೆ ಮಾಡಿದರು. ಊಟ ಮಾಡಿದೆ. ಅಲ್ಲಿಂದೀಚೆಗೆ ಎಷ್ಟೋ ಸಲ ಹೋಗಿದ್ದೇನೆ, ಎಷ್ಟೋ ಮಾತಾಡಿದ್ದೇವೆ. ಅವತ್ತು ಕೇಳಿದ್ದಕ್ಕೆ ಮಾತ್ರ ಇನ್ನೂ ಉತ್ತರ ಬಂದಿಲ್ಲ.

“ಅತ್ತೆ, ರಾಗಿ ಯಾಕೆ ಹುರೀಲಿಲ್ಲ ನೀನು?”